ಉಸುಕಿನಡಿಯ ಪಟ್ಟಣ

ಉಸುಕಿನ ಗುಡ್ಡಗಳನ್ನು ಕಣ್ಣಾರೆ ಕಾಣಬೇಕಾದರೆ ರಾಜಸ್ಥಾನಕ್ಕೇ ಹೋಗಬೇಕೆಂಬ ತಿಳಿವಳಿಕೆಯು ನಮ್ಮಲ್ಲಿ ಸಾಮಾನ್ಯವಾಗಿರುವದು. ಜೈಸಲಮೇರದ ಚಿತ್ರಪಟಗಳಲ್ಲಿ ಕಾಣುವ ಒಂಟೆಗಳ ಸಾಲೂ ಅವುಗಳ ಹಿಂದೆ ಅಲೆ ಅಲೆಯಾಗಿ ಮಲಗಿದ ಹೊಂಬಣ್ಣದ ದಿಬ್ಬಗಳೂ ಈ ತಿಳಿವಳಿಕೆಗೆ ಕಾರಣವಾಗಿರಬಹುದು. ನಮ್ಮ ಅಥಣಿ, ಕಾಗವಾಡ, ಚಿಕ್ಕೋಡಿ, ರಾಯಬಾಗ, ನಿಪ್ಪಾಣಿಗಳ ಕಡೆಯವರಿಗಂತೂ ಉಸುಕೆಂಬದು ಮನೆ ಕಟ್ಟಿಸುವಾಗ ಗಾಡಿಯಲ್ಲಿ ಬಂದು ಅಂಗಳದಲ್ಲಿ ಬೀಳುವ ಸಾಮಾನೇ ಹೊರತು ನೋಡಲು ಹೋಗತಕ್ಕ ವಸ್ತುವಲ್ಲ. ನಮ್ಮ ಹೊಳೆಯ ದಂಡೆಯೆಲ್ಲ ಎರೆಯ ನೆಲ. ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಂಡು ಚಪ್ಪಲಿಯನ್ನೇ ಕಸಿದುಕೊಳ್ಳುವ ಮಣ್ಣು; ಬೇಸಗೆಯಲ್ಲಿ ಕೈ ಹೋಗುವಷ್ಟು ಅಗಲ ಬಿರಿಯುವ ಮಣ್ಣು. ಹೀಗಿರುವಾಗ ನಾವು ಒಂದು ರಾತ್ರಿಯ ರೇಲ್ವೆ ಪ್ರವಾಸ ಮಾಡಿ ಉಸುಕನ್ನು ನೋಡಿ ಬಂದೆವೆಂದರೆ ನೆರೆಹೊರೆಯವರು ನಗದೆ ಬಿಡುವರೆ? ಆದರೆ ನಾವು ನೋಡಿದ ಉಸುಕು ರಾಜಸ್ಥಾನದ್ದಲ್ಲ, ನಮ್ಮ ಕರ್ನಾಟಕದ್ದೇ. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲೂಕಿನಲ್ಲಿ, ಕಾವೇರಿಯ ಎಡದಂಡೆಯ ಮೇಲೆ, ಬತ್ತ ಕಬ್ಬುಗಳ ಹಸುರಿನ ನಡುವೆ, ಒಂದು ರಾಜಧಾನಿಯನ್ನೇ ಮೈಮೇಲೆ ಹೊದ್ದಿಸಿಕೊಂಡು ಮಲಗಿಸಿದ ತಲಕಾಡಿನ ಉಸುಕು.

ಈ ಪ್ರವಾಸಕ್ಕೆ ನಿಮಿತ್ತಳಾದವಳು ನನ್ನ ಅಕ್ಕ. ಅವಳನ್ನು ಕೊಟ್ಟ ಊರು ಕಾಗವಾಡ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿದೆ. ೨೦೦೫ರ ಮಹಾಪೂರದಲ್ಲಿ ಆಕೆಯ ಮನೆಯ ಹೊಸ್ತಿಲಕ್ಕೆ ನೀರು ಬಂದು ಹೋಗಿತ್ತು. ೨೦೧೯ರ ಆಗಸ್ಟಿನಲ್ಲಿ ಹೊಳೆಯು ಹೊಸ್ತಿಲದಲ್ಲಿ ನಿಲ್ಲಲಿಲ್ಲ. ಪಡಸಾಲೆ, ಅಡಿಗೆಮನೆ, ದೇವರ ಜಗಲಿ ಎಲ್ಲವನ್ನೂ ತುಂಬಿಕೊಂಡು ದಿನಗಟ್ಟಲೆ ನಿಂತಿತು. ನೀರಿಳಿದ ಮೇಲೆ ಹಿತ್ತಲ ಕಡೆಯ ಮಣ್ಣಿನ ಗೋಡೆ ಕುಸಿದು ಕುಳಿತಿತ್ತು. ಅದನ್ನು ಎತ್ತಿ ನಿಲ್ಲಿಸಿದ್ದಾಯಿತು. ೨೦೨೧ರ ಜುಲೈಯಲ್ಲಿ ಹೊಳೆಯು ಮತ್ತೆ ಬಂತು. ಅಂದಿನಿಂದ ನನ್ನ ಸೋದರಳಿಯನದು ಒಂದೇ ಮಾತು: ಊರಿನಿಂದಾಚೆ ಮಡ್ಡಿಯ ಮೇಲೆ ತಮಗೆ ಸ್ವಲ್ಪ ಜಾಗವಿದೆ, ಅಲ್ಲಿ ಹೊಸ ಮನೆ ಕಟ್ಟಿಕೊಂಡು ಹೋಗಿಬಿಡೋಣ ಎಂದು. ಅಕ್ಕನದೂ ಒಂದೇ ಮಾತು: ಮಾವನವರು ಕಟ್ಟಿಸಿದ ಮನೆ, ಗಂಡನ ಪ್ರಾಣ ಹೋದ ಮನೆ, ಜಗಲಿಯ ಮೇಲಿನ ದೇವರನ್ನು ಬಿಟ್ಟು ತಾನು ಬರುವವಳಲ್ಲ ಎಂದು. ತಾಯಿಮಕ್ಕಳ ಈ ವ್ಯಾಜ್ಯವು ಎರಡು ಮೂರು ವರ್ಷ ನಡೆದು ಒಬ್ಬರೊಡನೊಬ್ಬರು ನೆಟ್ಟಗೆ ಮಾತಾಡದ ಸ್ಥಿತಿಗೆ ಬಂದಿತ್ತು. ಹೋದ ಕಾರ್ತಿಕದಲ್ಲಿ ಅಕ್ಕನು ನಮ್ಮಲ್ಲಿಗೆ ಬಂದಿದ್ದಾಗ, “ತಲಕಾಡಿನ ಪಂಚಲಿಂಗ ನೋಡಬೇಕಂತ ನಮ್ಮ ಅತ್ತಿಗೆ ಭಾಳ ಆಸೆ ಇತ್ತೋ ತಮ್ಮಾ, ಕಡೀತನಕಾ ಆಗಲಿಲ್ಲ” ಎಂದಳು. ಮನೆಯ ಜಗಳದಿಂದ ನಾಲ್ಕು ದಿನ ದೂರವಾದರೂ ಇರಲೆಂದು ನಾನು ಹೊರಟುಬಿಟ್ಟೆ.

ಉಗಾರದ ಮೇಲೆ ಹಾಯ್ದು ಕುಡಚಿಯ ನಿಲ್ದಾಣಕ್ಕೆ ಬಂದೆವು. ಉಗಾರ ಕುಡಚಿಗಳ ನಡುವಿನ ಸೇತುವೆಯು ಮಳೆಗಾಲದಲ್ಲಿ ಹೊಳೆ ಏರಿದಾಗ ನೀರಿನಡಿಗೆ ಹೋಗುವದು ನಮ್ಮ ಕಡೆಯವರಿಗೆಲ್ಲ ಗೊತ್ತೇ ಇದೆ. ಅಂದು ಕೃಷ್ಣೆಯು ಬಹು ಸಾಧುವಾಗಿದ್ದಳು. ಅಕ್ಕನು ವಾಹನದ ಕಿಡಕಿಯಿಂದಲೇ ಕೈಮುಗಿದಳು. ಯಾಕೆ ಮುಗಿದಳೋ ನಾನು ಕೇಳಲಿಲ್ಲ. ರಾಣಿ ಚನ್ನಮ್ಮ ಗಾಡಿಯಲ್ಲಿ ಕಡಕ ರೊಟ್ಟಿ, ಶೇಂಗಾ ಹಿಂಡಿಗಳ ಬುತ್ತಿಯನ್ನು ಬಿಚ್ಚಿ ಉಂಡೆವು. ಬೆಳಗಿಗೆ ಬೆಂಗಳೂರು, ಅಲ್ಲಿಂದ ಮೈಸೂರು. ಮೈಸೂರಿನಿಂದ ತಲಕಾಡು ಸುಮಾರು ೪೫ ಕಿಲೋಮೀಟರ. ದಾರಿಯುದ್ದಕ್ಕೂ ನೀರಾವರಿಯ ಗದ್ದೆ, ತೆಂಗು, ಬಾಳೆ. ಇಂಥ ಒದ್ದೆನೆಲದಲ್ಲಿ ಮರಳುಗಾಡು ಎಲ್ಲಿಂದ ಬರಬೇಕೆಂದು ನನ್ನ ಮಗಳು ನಾಲ್ಕು ಸಲವಾದರೂ ಕೇಳಿದಳು. ಮರಳು ಎಂಬ ಶಬ್ದದ ಬಗೆಗೂ ಅವಳಿಗೆ ಕೌತುಕ. ನಾವು ಉಸುಕೆನ್ನುವದಕ್ಕೆ ಮೈಸೂರ ಕಡೆಯವರು ಮರಳೆನ್ನುವರು. ನಮ್ಮಲ್ಲಿ ಮರಳು ಎಂದರೆ ತಿರುಗಿ ಬಾ ಎಂದಲ್ಲವೆ?

ತಲಕಾಡು ಸಣ್ಣ ಊರು. ಊರಿನ ಅಂಚಿಗೇ ವೈದ್ಯನಾಥೇಶ್ವರನ ಗುಡಿ. ಉಸುಕಿಗೆ ಸಿಕ್ಕದೆ ಉಳಿದ ಗುಡಿಗಳಲ್ಲಿ ಇದೇ ದೊಡ್ಡದು. ಬಾಗಿಲಲ್ಲಿ ಎತ್ತರವಾದ ದ್ವಾರಪಾಲಕರು. ಒಂದೇ ಕಲ್ಲಿನಲ್ಲಿ ಬಿಡಿಸಿದ ಉಂಗುರಗಳ ಸರಪಳಿ. ತಲ, ಕಾಡ ಎಂಬ ಇಬ್ಬರು ಬೇಡರು ಮರವೊಂದಕ್ಕೆ ಕೊಡಲಿಯ ಪೆಟ್ಟು ಹಾಕಲು ಅದರಿಂದ ನೆತ್ತರು ಸುರಿಯಿತಂತೆ. ಆ ಮರದ ಎಲೆಯನ್ನೇ ಅರೆದು ಹಚ್ಚಲು ಗಾಯ ಮಾಯಿತಂತೆ. ತನಗೆ ತಾನೇ ಮದ್ದು ಹೇಳಿದ ಶಿವನು ವೈದ್ಯನಾಥನಾದನು, ಬೇಡರಿಬ್ಬರ ಹೆಸರು ಕೂಡಿ ಊರ ಹೆಸರಾಯಿತು ಎಂಬದು ಸ್ಥಳಪುರಾಣ. ಇತಿಹಾಸವು ಇದನ್ನು ತಲವನಪುರವೆಂದು ಕರೆಯುವದು. ಗಂಗರು ಕೋಲಾರದಿಂದ ಇಲ್ಲಿಗೆ ಬಂದು ಶತಮಾನಗಳ ಕಾಲ ಆಳಿದರು. ಹನ್ನೊಂದನೆಯ ಶತಮಾನದ ಮೊದಲಲ್ಲಿ ಚೋಳರು ಗೆದ್ದುಕೊಂಡು ರಾಜರಾಜಪುರವೆಂದು ಹೆಸರಿಟ್ಟರು. ಅವರನ್ನು ಸೋಲಿಸಿದ ಹೊಯ್ಸಳ ವಿಷ್ಣುವರ್ಧನನು ‘ತಲಕಾಡುಗೊಂಡ’ನೆಂಬ ಬಿರುದನ್ನು ತನ್ನ ಚಿನ್ನದ ನಾಣ್ಯಗಳ ಮೇಲೆ ಹೊಡೆಯಿಸಿ, ೧೧೧೭ರಲ್ಲಿ ಇಲ್ಲಿ ಕೀರ್ತಿನಾರಾಯಣನ ಗುಡಿಯನ್ನು ಕಟ್ಟಿಸಿದನು. ಅರಸರು ಇಷ್ಟೊಂದು ಆಸೆಪಟ್ಟ ಊರನ್ನು ಕೊನೆಗೆ ಗೆದ್ದದ್ದು ಉಸುಕು.

ವೈದ್ಯನಾಥನ ಗುಡಿಯನ್ನು ಬಿಟ್ಟು ಮೇಲೇರತೊಡಗಿದೊಡನೆ ಕಾಲು ಹೂಳಲಾರಂಭಿಸುವದು. ಯಾತ್ರಿಕರಿಗೆಂದು ಮೇಲೆ ಮಾಡು ಹೊದಿಸಿದ ದಾರಿಯನ್ನು ಮಾಡಿದ್ದಾರೆ. ನಾವು ಅದನ್ನು ಬಿಟ್ಟು ಬರಿಗಾಲಿನಿಂದ ಬದಿಗೆ ಹಾಯ್ದೆವು. ಮುಂದಕ್ಕೆ ಎರಡು ಹೆಜ್ಜೆ ಇಟ್ಟರೆ ಹಿಂದಕ್ಕೆ ಒಂದು ಹೆಜ್ಜೆ ಜಾರುವದು. ನುಣುಪಾದ ತಿಳಿಹಳದಿಯ ಉಸುಕು, ಹಿಡಿ ತುಂಬ ಎತ್ತಿದರೆ ಬೆರಳಸಂದಿನಿಂದ ನೀರಿನಂತೆ ಇಳಿದುಹೋಗುವದು. ಕೈಗೆ ಒಂದು ಕಣವೂ ಅಂಟದು. ನಮ್ಮ ಎರೆಗೂ ಇದಕ್ಕೂ ಇರುವ ಅಂತರವು ಕೈಗೆ ತಿಳಿದಷ್ಟು ಪುಸ್ತಕದಿಂದ ತಿಳಿಯುವಂತಿಲ್ಲ. ಕೋಟಿಗಟ್ಟಲೆ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದು ಆರಿದ ಕರಿಗಲ್ಲು ನಮ್ಮ ನೆಲದಡಿಗಿದೆ. ಅದರಲ್ಲಿ ಬೆಣಚುಕಲ್ಲಿನ ಅಂಶವೇ ಇಲ್ಲದ್ದರಿಂದ ಅದು ಸವೆದರೆ ಅಂಟುಮಣ್ಣಾಗುವದು. ಕಾವೇರಿಯು ಹಾಯ್ದುಬರುವ ನೆಲದ ಬಂಡೆಗಳಲ್ಲಿ ಬೆಣಚು ಹೇರಳ. ಬಂಡೆಯ ಉಳಿದ ಭಾಗ ಕರಗಿ ಕೊಚ್ಚಿಹೋದರೂ ಬೆಣಚಿನ ಕಾಳುಗಳು ಕರಗದೆ ಉರುಳುತ್ತ ಬಂದು, ಹೊಳೆಯ ಓಟವು ಮಂದವಾದಲ್ಲಿ ನಿಂತುಬಿಡುವವು.

ಹೊಳೆಯು ತಿರುಗುವಲ್ಲಿ ಹೊರದಂಡೆಯ ನೀರು ವೇಗದಿಂದ ಹರಿದು ನೆಲವನ್ನು ಕೊರೆದು ಮಡುವು ಮಾಡುವದು. ಒಳದಂಡೆಯ ನೀರು ಸಾವಕಾಶವಾಗಿ ಸರಿದು ಹೊತ್ತ ಉಸುಕನ್ನು ಇಳಿಸುವದು. ಇದು ಎಲ್ಲ ಹೊಳೆಗಳ ಧರ್ಮ. ಕಾವೇರಿಯು ಇಲ್ಲಿ ದೊಡ್ಡದಾಗಿ ಬಾಗುತ್ತಾಳೆ. ಬಾಗಿನ ಈಚೆಗೆ ತಲಕಾಡಿನ ಉಸುಕು, ಆಚೆಗೆ ಮಾಲಂಗಿಯ ಮಡುವು. ಬೇಸಗೆಯಲ್ಲಿ ನೀರು ಇಳಿದು ಉಸುಕು ಒಣಗಿ ಬಯಲಾಗುವದು. ಅದರ ಬೆನ್ನಿಗೇ ನೈರುತ್ಯದ ಗಾಳಿಯು ಹೊಳೆಯ ಮೇಲಿನಿಂದ ಊರ ಕಡೆಗೆ ಬೀಸತೊಡಗುವದು. ಉಸುಕು ಧೂಳಿನಂತೆ ಆಕಾಶಕ್ಕೇರುವದಿಲ್ಲ. ಒಂದೊಂದು ಕಾಳು ನೆಲದಿಂದ ಗೇಣು ಮೊಳದೆತ್ತರಕ್ಕೆ ಕುಪ್ಪಳಿಸುತ್ತ, ಬಿದ್ದಲ್ಲಿ ಇನ್ನೊಂದು ಕಾಳನ್ನು ಎಬ್ಬಿಸುತ್ತ ಸಾಗುವದು. ಗಾಳಿಗೆ ಎದುರಾದ ಕಡೆ ದಿಬ್ಬವು ಇಳಿಜಾರಾಗಿ ಏರುವದು. ನೆತ್ತಿಯನ್ನು ಮುಟ್ಟಿದ ಕಾಳುಗಳು ಹಿಂಬದಿಗೆ ಸುರಿಯುವವು. ಆ ಬದಿಯು ನಮ್ಮ ಕಣದಲ್ಲಿ ಸುರಿದ ಜೋಳದ ರಾಶಿಯಂತೆ ಕಡಿದಾಗಿ ನಿಲ್ಲುವದು. ಹಿಂದಿನದು ಏರಿ ಮುಂದಕ್ಕೆ ಬೀಳುವದೇ ದಿಬ್ಬದ ನಡಿಗೆ. ಅದಕ್ಕೆ ಕಾಲಿಲ್ಲ, ಆತುರವೂ ಇಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ನಡಿಗೆಯನ್ನು ಅಳೆದು ಬರೆದಿಟ್ಟಿದ್ದಾರೆ. ಬಿ. ಎಲ್. ರೈಸರು ತಮ್ಮ ಮೈಸೂರು ಗ್ಯಾಝೆಟಿಯರಿನಲ್ಲಿ ಉಸುಕು ವರ್ಷಕ್ಕೆ ೯-೧೦ ಅಡಿಗಳಂತೆ ಊರಿನ ಮೇಲೆ ಬರುತ್ತಿರುವದಾಗಿಯೂ, ಸುಮಾರು ಒಂದು ಮೈಲು ಉದ್ದದ ದಿಬ್ಬಗಳಡಿಗೆ ಮೂವತ್ತಕ್ಕೂ ಹೆಚ್ಚು ಗುಡಿಗಳಿರುವದಾಗಿಯೂ, ಜನರು ಮನೆಗಳನ್ನು ಬಿಟ್ಟುಕೊಟ್ಟು ಹಿಂದೆ ಹಿಂದೆ ಸರಿಯುತ್ತಿರುವದಾಗಿಯೂ ತಿಳಿಸಿದ್ದಾರೆ. ವರ್ಷಕ್ಕೆ ೧೦ ಅಡಿಯೆಂದರೆ ಒಂದು ಪಡಸಾಲೆಯಷ್ಟು. ೬೦ ವರ್ಷ ಬಾಳಿದವನು ತನ್ನ ಕಣ್ಣ ಮುಂದೆಯೇ ೬೦೦ ಅಡಿಯ ಊರನ್ನು ಕಳೆದುಕೊಂಡಿರಬೇಕು. ಮಹಾಪೂರವಾದರೆ ಬರುವದು, ಹೋಗುವದು. ಬಂದು ಹೋಗದಿರುವ ಮಹಾಪೂರವನ್ನು ಮನಸ್ಸಿಗೆ ತಂದುಕೊಂಡು ನಾನು ಸ್ವಲ್ಪ ಹೊತ್ತು ಉಸುಕಿನ ಮೇಲೆ ಕುಳಿತುಬಿಟ್ಟೆ.

ಅಲಮೇಲಮ್ಮನ ಕತೆಯನ್ನು ಹೇಳದೆ ತಲಕಾಡಿನ ವಿಷಯವು ಮುಗಿಯದು. ವಿಜಯನಗರದ ಪ್ರತಿನಿಧಿಯಾಗಿ ಶ್ರೀರಂಗಪಟ್ಟಣದಲ್ಲಿದ್ದ ತಿರುಮಲರಾಯನು ರೋಗಪರಿಹಾರಕ್ಕಾಗಿ ವೈದ್ಯನಾಥನ ಸನ್ನಿಧಿಗೆ ಬಂದಿದ್ದಾಗ, ೧೬೧೦ರಲ್ಲಿ ಶ್ರೀರಂಗಪಟ್ಟಣವು ಮೈಸೂರಿನ ರಾಜ ಒಡೆಯರ ಕೈಸೇರಿತು. ರಾಯನ ಪತ್ನಿಯ ಆಭರಣಗಳಿಗಾಗಿ ಒಡೆಯರ ಮಂದಿ ಬೆನ್ನಟ್ಟಿದಾಗ ಆಕೆಯು ಕಾವೇರಿಯ ಮಡುವಿಗೆ ಹಾರಿದಳೆಂದೂ, ಹಾರುವ ಮುನ್ನ ತಲಕಾಡು ಮರಳಿನಲ್ಲಿ ಮುಚ್ಚಲಿ, ಮಾಲಂಗಿಯಲ್ಲಿ ಮಡುವಾಗಲಿ, ಮೈಸೂರ ದೊರೆಗಳಿಗೆ ಸಂತಾನ ನಿಲ್ಲದಿರಲಿ ಎಂದು ಶಪಿಸಿದಳೆಂದೂ ಜನ ಹೇಳುವರು. ನಮ್ಮೊಡನೆ ದಿಬ್ಬವೇರುತ್ತಿದ್ದವರಲ್ಲಿ ಈ ಕತೆಯನ್ನು ಹೇಳದವರೇ ಇರಲಿಲ್ಲ. ವಿಜ್ಞಾನಿಗಳ ಮಾತು ಬೇರೆ. ಮೇಲ್ಗಡೆ ವಿಜಯನಗರದ ಕಾಲದಲ್ಲಿ ಮಾಧವಮಂತ್ರಿಯ ಅಣೆಕಟ್ಟು ಆದ ಮೇಲೆ ಕೆಳಗಿನ ಪಾತ್ರದಲ್ಲಿ ನೀರು ಕಡಿಮೆಯಾಗಿ ಉಸುಕು ಗಾಳಿಗೆ ತೆರೆದುಕೊಂಡಿತೆಂದು ಕೆಲವರೂ, ನೆಲದೊಳಗಿನ ಬಿರುಕಿನಲ್ಲಿ ಚಲನೆಯಾಗಿ ಹೊಳೆಯ ಓಟವೇ ತಡೆಯಿತೆಂದು ಕೆಲವರೂ ಅಭಿಪ್ರಾಯಪಡುವರು. ಕಟ್ಟೆಯ ಕಾಲುವೆಯಿಂದಲೇ ತಲಕಾಡಿನ ಗದ್ದೆಗಳು ಇಂದಿಗೂ ಹಸುರಾಗಿರುವವೆಂಬದನ್ನು ಇಲ್ಲಿ ಮರೆಯಬಾರದು. ಅನ್ನವನ್ನು ಕೊಟ್ಟ ಕಟ್ಟೆಯೇ ಮನೆಯನ್ನು ಕಸಿದುಕೊಂಡಿದ್ದರೆ ಶಾಪವನ್ನು ಯಾರಿಗೆ ಹಾಕಬೇಕು? ನನ್ನ ಮಟ್ಟಿಗೆ ಹೇಳುವದಾದರೆ, ಮಡುವನ್ನೂ ಮರಳನ್ನೂ ಒಂದೇ ಉಸಿರಿನಲ್ಲಿ ಹೇಳಿದ ಆ ಶಾಪವು ಹೊಳೆಯ ಸ್ವಭಾವವನ್ನು ಚೆನ್ನಾಗಿ ಕಂಡವರ ಬಾಯಿಂದ ಬಂದದ್ದೆಂದೇ ತೋರುವದು.

ಅಮೇರಿಕೆಯ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ‘ವ್ಹೈಟ್ ಸ್ಯಾಂಡ್ಸ್’ ಎಂಬ ಬಿಳಿಯ ದಿಬ್ಬಗಳ ಪ್ರದೇಶವೊಂದಿದೆ. ಸುಮಾರು ೭೧೦ ಚದರ ಕಿಲೋಮೀಟರ ಹರಡಿದ ಆ ಉಸುಕು ಬೆಣಚಿನದಲ್ಲ, ಜಿಪ್ಸಮ್ ಎಂಬ ಮೆತ್ತನೆಯ ಖನಿಜದ್ದು. ಅದು ಬಿಸಿಲಿಗೆ ಅಷ್ಟಾಗಿ ಕಾಯುವದಿಲ್ಲವಾದ್ದರಿಂದ ನಡುಹಗಲಿನಲ್ಲಿಯೂ ಬರಿಗಾಲಿನಿಂದ ನಡೆಯಬಹುದಂತೆ. ೧೯೩೩ರಲ್ಲಿ ಅದನ್ನು ರಕ್ಷಿತ ಸ್ಥಳವೆಂದು ಸಾರಿ, ೨೦೧೯ರಲ್ಲಿ ರಾಷ್ಟ್ರೀಯ ಉದ್ಯಾನದ ಪದವಿಯನ್ನು ಕೊಟ್ಟರು. ಅಲ್ಲಿ ದಿಬ್ಬಗಳು ತಮ್ಮಿಷ್ಟದಂತೆ ನಡೆಯುವದನ್ನು ನೋಡುವದೇ ಒಂದು ವಿನೋದ. ನಮ್ಮ ತಲಕಾಡಿನಲ್ಲಿ ದಿಬ್ಬದ ಕಾಲು ಕಟ್ಟದೆ ಗತ್ಯಂತರವಿರಲಿಲ್ಲ. ಗಾಳಿಮರ, ನೀಲಗಿರಿ ಮೊದಲಾದವುಗಳನ್ನು ನೆಟ್ಟು ಬೆಳೆಯಿಸಿದ್ದಾರೆ. ಇಂದು ದಿಬ್ಬಗಳ ಬಹುಭಾಗವು ತೋಪಾಗಿ ನಿಂತಿದೆ. ಮರಗಳ ನೆರಳಲ್ಲಿ ಉಸುಕು ತಣ್ಣಗಿರುವದು. ನೆರಳು ತಪ್ಪಿದಲ್ಲಿ ಹನ್ನೊಂದು ಗಂಟೆಗೇ ಅಂಗಾಲು ಸುಡತೊಡಗಿ ನಮ್ಮ ಮಗಳು ಕುಣಿಯುತ್ತ ಓಡಿದಳು.

ಪಾತಾಳೇಶ್ವರ, ಮರುಳೇಶ್ವರರ ಗುಡಿಗಳು ಉಸುಕಿನ ತಗ್ಗುಗಳಲ್ಲಿವೆ. ಗುಡಿಗೆ ಹೋಗುವದೆಂದರೆ ಎಲ್ಲೆಡೆಯಲ್ಲಿಯೂ ಮೆಟ್ಟಿಲು ಹತ್ತುವದು; ಇಲ್ಲಿ ಇಳಿಯಬೇಕು. ಮೇಲೆ ನಿಂತರೆ ಗುಡಿಯ ಮಾಳಿಗೆಯು ನಮ್ಮ ಕಾಲ ಕೆಳಗೆ ಕಾಣುವದು. ಇಳಿದು ಬಾಗಿ ಒಳಹೊಕ್ಕರೆ ಹಳೆಯ ಹಗೇವಿನ ತಂಪು. ಕೀರ್ತಿನಾರಾಯಣನ ಗುಡಿಯನ್ನು ಹಿಂದಿನ ಕಾಲದಲ್ಲಿ ಆಗಾಗ ಉಸುಕು ತೆಗೆದು ತೆರೆಯುತ್ತಿದ್ದರಂತೆ. ಈಗ ಅದನ್ನು ಪೂರಾ ಬಯಲಿಗೆ ತಂದಿದ್ದಾರೆ. ೧೯೯೨-೯೩ರಲ್ಲಿ ಪ್ರಾಚ್ಯವಸ್ತು ಇಲಾಖೆಯವರು ಈ ದಿಬ್ಬಗಳಲ್ಲಿ ಉತ್ಖನನ ನಡೆಸಿದರು. ಅರ್ಕೇಶ್ವರನ ಗುಡಿಯೂ ಮುಡುಕುತೊರೆಯ ಗುಡ್ಡದ ಮೇಲಿನ ಮಲ್ಲಿಕಾರ್ಜುನನ ಗುಡಿಯೂ ಸ್ವಲ್ಪ ದೂರ. ಅಲ್ಲಿಗೆ ವಾಹನದಲ್ಲಿ ಹೋಗಿ ಬಂದೆವು. ಇವೇ ಐದು ಲಿಂಗಗಳು. ಕಾರ್ತಿಕದ ಸೋಮವಾರದಂದು ಕುಹುಯೋಗವೂ ವಿಶಾಖಾ ನಕ್ಷತ್ರವೂ ಕೂಡಿಬಂದಾಗ ಮಾತ್ರ ಪಂಚಲಿಂಗದರ್ಶನದ ಮಹಾಜಾತ್ರೆ. ೨೦೦೯ರಲ್ಲಿ, ೨೦೧೩ರಲ್ಲಿ, ಆಮೇಲೆ ೨೦೨೦ರ ಡಿಸೆಂಬರದಲ್ಲಿ ಅದು ನಡೆಯಿತು. ನಾವು ಹೋದದ್ದು ಜಾತ್ರೆಯ ವರ್ಷವಲ್ಲವಾದ್ದರಿಂದ ನೂಕುನುಗ್ಗಲಿಲ್ಲದೆ ದರ್ಶನವಾಯಿತು.

ತಿರುಗಿ ಬರುವಾಗ ತೋಪಿನ ನೆರಳಿನಲ್ಲಿ ಹಣ್ಣುಕಾಯಿ ಮಾರುತ್ತಿದ್ದ ಮುದುಕಿಯೊಬ್ಬಳ ಬಳಿ ಅಕ್ಕನು ಕುಳಿತುಕೊಂಡಳು. “ಯಾವೂರು ತಾಯಿ?” ಎಂದು ಆಕೆ ಕೇಳಲು, “ಬೆಳಗಾವಿ ಕಡೆ, ಅಥಣಿ ರೀ” ಎಂದು ಅಕ್ಕ. ಅಥಣಿಯು ಎಲ್ಲಿದೆಯೆಂದು ಮುದುಕಿಗೆ ತಿಳಿಯಲಿಲ್ಲ, ಆದರೆ ಮಾತಿಗೆ ಅದರಿಂದ ಅಡ್ಡಿಯಾಗಲಿಲ್ಲ. ತನ್ನ ಅತ್ತೆಯ ಹಿರಿಯರ ಮನೆಯು ಈ ದಿಬ್ಬದಡಿಗೇ ಇದೆಯೆಂದು ಆಕೆ ಕೈಯಿಂದ ತೋರಿಸಿದಳು. ತೋರಿಸಿದಲ್ಲಿ ಗಾಳಿಮರಗಳ ಹೊರತು ಏನೂ ಇರಲಿಲ್ಲ.

“ಮನೀ ಬಿಟ್ಟು ಎಲ್ಲಿಗೆ ಹೋದ್ರು ಎಲ್ಲಾರೂ?” ಎಂದಳು ಅಕ್ಕ.

“ಎಲ್ಲಿಗೆ ಹೋದಾರು? ಹಿಂದಕ್ಕೆ ಹಿಂದಕ್ಕೆ ಸರ್ಕೊಂಡ್ರು. ತೊಲೆ, ಬಾಗ್ಲು ಕಿತ್ಕೊಂಡು ಹೋಗಿ ಅಲ್ಲೇ ಮುಂದೆ ಕಟ್ಕೊಂಡ್ರು.”

“ದೇವರನ್ನ ಏನ್ ಮಾಡಿದ್ರವ್ವಾ?”

ಮುದುಕಿಗೆ ಈ ಪ್ರಶ್ನೆಯು ವಿಚಿತ್ರವಾಗಿ ಕಂಡಿರಬೇಕು. ಕಾಯಿಯೊಂದರ ಜುಟ್ಟನ್ನು ಸರಿಮಾಡುತ್ತ, “ದೇವರು ಎದ್ದು ಬರೋಕಾಯ್ತದಾ? ಇದ್ದಲ್ಲೇ ಇರ್ತಾನೆ. ನಾವೇ ಹೋಗಿ ಮರಳು ತೆಗೆದು ಪೂಜೆ ಮಾಡ್ಕೊಂಡು ಬರೋದು” ಎಂದಳು.

ಅಕ್ಕನು ಏನೂ ಹೇಳಲಿಲ್ಲ. ಬೇಡವಾಗಿದ್ದರೂ ಇನ್ನೊಂದು ಜೊತೆ ಕಾಯಿ ಕೊಂಡಳು. ಹೊಳೆಯ ಕಡೆಗಿಳಿದಾಗ ಹರಿಗೋಲಿನವರು ಕರೆದರು; ಮಕ್ಕಳಿಗೆ ಆಸೆಯಾದರೂ ಅಕ್ಕನು ಬೇಡವೆಂದಳು. ನೋಡಲಿಕ್ಕೆ ಮೊಣಕಾಲುದ್ದವೆನಿಸುವ ನೀರು ಅಲ್ಲಿ ನಾಲ್ಕು ಹೆಜ್ಜೆಗೆ ಒಮ್ಮೆಲೆ ಆಳವಾಗುವದುಂಟು. ಹೋಗುವವರು ಮಕ್ಕಳ ಕೈಯನ್ನು ಬಿಡಬಾರದು. ಬೆಳಗಿನ ಎಂಟು ಗಂಟೆಯೊಳಗಾಗಿ ದಿಬ್ಬವೇರುವದು ಒಳ್ಳೆಯದು. ಕುಡಿಯುವ ನೀರು ಜೊತೆಗಿರಲಿ.

ಮರಳುವಾಗ ಗಾಡಿಯಲ್ಲಿ ಅಕ್ಕನು ಬಹಳ ಹೊತ್ತು ಎಚ್ಚರವಿದ್ದಳು. ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಹಾಕಿಕೊಂಡಿದ್ದಳು. ವಿಭೂತಿಯಿರಬೇಕೆಂದು ನಾನು ತಿಳಿದಿದ್ದೆ. ಮಲಗುವ ಮುನ್ನ ಬಿಚ್ಚಿ ಮಗಳಿಗೆ ತೋರಿಸಿದಾಗ ಅದು ಒಂದು ಹಿಡಿ ಉಸುಕಾಗಿತ್ತು. ಮರುದಿನ ಕುಡಚಿಯಲ್ಲಿಳಿದು ಉಗಾರದ ಸೇತುವೆಯ ಮೇಲೆ ಬರುತ್ತಿರುವಾಗ ಕೃಷ್ಣೆಯ ಮೇಲೆ ಮಂಜು ಇನ್ನೂ ಹರಿದಿರಲಿಲ್ಲ. ಈ ಸಲ ಅಕ್ಕನು ಕೈಮುಗಿಯಲು ಮರೆತಳು.

“ಆ ಮಡ್ಡೀ ಮ್ಯಾಲಿನ ಜಾಗಾದಾಗ ಕುಡಿಯೋ ನೀರ ಎಷ್ಟ ಫೂಟಿಗೆ ಹತ್ತತಾವಂತೋ ತಮ್ಮಾ?” ಎಂದಳು.

ನನಗೆ ಗೊತ್ತಿರಲಿಲ್ಲ. ಮಗನನ್ನೇ ಕೇಳೆಂದು ಫೋನು ಹಚ್ಚಿ ಅವಳ ಕೈಗೆ ಕೊಟ್ಟೆ.